ಪಾರುವಿನ ಹಿರಿಯರಿಗೊಂದು ಎಡೆ

ಹೋದ ಶನಿವಾರ ರಾಣೆಬೆನ್ನೂರಿನಲ್ಲಿ ಬ್ಯಾಡಗಿ ಬಸ್ ಹತ್ತಿದೆವು, ನಾನು ಮತ್ತು ನನ್ನ ಅಣ್ಣನ ಮಗಳು ಪಾರು. ಕಂಡಕ್ಟರ್ ನನಗೆ ಟಿಕೆಟ್ ಹರಿದು ಕೊಟ್ಟ. ಆಮೇಲೆ ಪಾರುವನ್ನು ನೋಡಿದ. ಗಂಟಲು ಸರಿಮಾಡಿಕೊಂಡ. ತನ್ನಲ್ಲಿದ್ದ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, "ಯೂ... ವೇರ್ ಗೋಯಿಂಗ್?" ಎಂದು ಕೇಳಿದ.

"ಬ್ಯಾಡಗಿಗ್ರಿ. ನಂದು ಅರ್ಧಾ ಟಿಕೆಟ್," ಎಂದಳು ಪಾರು.

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಕಂಡಕ್ಟರೂ ನಕ್ಕ. ಕದರಮಂಡಲಗಿ ಹನುಮಪ್ಪನ ದರ್ಶನಕ್ಕೆ ಹೊರಟಿದ್ದ ಹೆಂಗಸೊಬ್ಬಳು ಮಾತ್ರ ಅಷ್ಟಕ್ಕೇ ಬಿಡಲಿಲ್ಲ. "ಯಾವ ದೇಶದಾಕಿರಿ ಈಕಿ?" ಎಂದು ನನ್ನನ್ನು ಕೇಳಿದಳು. (ಪಾರುವನ್ನೇ ಕೇಳಬಹುದಿತ್ತು. ಹುಡುಗಿಗೆ ಕನ್ನಡ ಬರುತ್ತದೆಂದು ಈಗಷ್ಟೇ ಗೊತ್ತಾಗಿತ್ತಲ್ಲ?)

ನಾನು ಬಾಯಿ ತೆರೆಯುವ ಮೊದಲೇ ಪಾರು ಹೇಳಿದಳು: "ನಾವು ಸಿದ್ದ್ಯಾರ್ರಿ. ನಮ್ಮೂರು ಬ್ಯಾಡಗಿ."

ಹೋದ ವರ್ಷವಾಗಿದ್ದರೆ ಈ ಉತ್ತರ ಬರುತ್ತಿರಲಿಲ್ಲ. ಹೇಗೆ ಬಂದೀತು? ನಾವು ಯಾರೂ ಅವಳಿಗೆ ಹೇಳಿಯೇ ಇರಲಿಲ್ಲ.

ಅಣ್ಣ ಬಸಣ್ಣ, ವೈನಿ ಸಾವಿತ್ರಿ ಪಾರುವನ್ನು ದತ್ತು ತಂದಾಗ ಅವಳಿನ್ನೂ ತೊದಲುತ್ತಿದ್ದ ಕೂಸು. ಯಲ್ಲಾಪುರದ ಕಡೆಯ ಸಿದ್ದಿ ಜನರ ಮಗು, ಹೆತ್ತವರಿಲ್ಲ ಎಂದಷ್ಟೇ ತಿಳಿದಿತ್ತು. ಸಿದ್ದಿಗಳು ನಿಮಗೆ ಗೊತ್ತಿರಬೇಕು. ಶತಮಾನಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಹೊತ್ತು ತಂದ ಜನರ ವಂಶದವರು. ನಮ್ಮ ಜಿಲ್ಲೆಯಿಂದ ಅರ್ಧ ದಿನದ ದಾರಿಯಲ್ಲಿ, ಕಾಡಿನಂಚಿನಲ್ಲಿ ಇದ್ದಾರೆ.

ಬಣ್ಣ ದಟ್ಟ ಕಪ್ಪು, ಕೂದಲು ಗುಂಗುರು. ಓಣಿಯವರು ಸುಮ್ಮನಿರುತ್ತಾರೆಯೇ? ಒಬ್ಬಳು ಫೇರ್‌ನೆಸ್ ಕ್ರೀಮ್ ಹೆಸರು ಹೇಳಿದಳು. ವೈನಿ ಅವಳನ್ನು ಮತ್ತೆ ಹೊಸ್ತಿಲು ತುಳಿಯಗೊಡಲಿಲ್ಲ. "ನಮಗ ಬಣ್ಣ ಕಾಣೂದಿಲ್ಲ. ಆಕಿ ನಮ್ಮ ಮಗಳು, ಮುಗೀತು," ಎನ್ನುತ್ತಿದ್ದ ಬಸಣ್ಣ. ಸಿದ್ದಿ ಎಂಬ ಶಬ್ದ ಆ ಮನೆಯಲ್ಲಿ ಬಂದ್. ಮಗುವಿನ ಮನಸ್ಸಿಗೆ ನೋವಾಗಬಾರದಲ್ಲ!

(ಬಸಣ್ಣ ಮೆಣಸಿನಕಾಯಿ ವ್ಯಾಪಾರಿ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಚೀಲದ ಬಾಯಿ ಬಿಚ್ಚುವಷ್ಟರಲ್ಲಿ ಇದು ಎಂಥ ಕೆಂಪು ಎಂದು ಹೇಳುವ ನನ್ನ ಅಣ್ಣನಿಗೆ ಬಣ್ಣ ಕಾಣುವುದಿಲ್ಲವಂತೆ.)

ಕೂದಲಿನದು ಬೇರೆ ಕಥೆ. ಪ್ರತಿ ಭಾನುವಾರ ವೈನಿ ಸಣ್ಣ ಹಲ್ಲಿನ ಬಾಚಣಿಕೆ ಹಿಡಿದು ಕೂರುತ್ತಿದ್ದಳು. ಬಾಚಣಿಕೆ ಮುರಿಯುತ್ತಿತ್ತು, ಪಾರು ಅಳುತ್ತಿದ್ದಳು, ಕೊನೆಗೆ ವೈನಿಯೂ ಅಳುತ್ತಿದ್ದಳು. ಪ್ರೀತಿ ಕಡಿಮೆ ಇತ್ತೇ? ಖಂಡಿತ ಇಲ್ಲ. ಎಣ್ಣೆಯೂ ಕಡಿಮೆ ಇರಲಿಲ್ಲ.

ಹೋದ ವರ್ಷ ಮಹಾನವಮಿ ಅಮಾವಾಸ್ಯೆಗೆ ಹಿರಿಯರ ಹಬ್ಬ. ನಮ್ಮ ಕಡೆ ತೀರಿಹೋದವರಿಗೆ ಎಡೆ ಇಡುವಾಗ ಅವರವರಿಗೆ ಇಷ್ಟವಾದದ್ದನ್ನು ಇಡಲೇಬೇಕು. ಅಜ್ಜನ ಎಲೆಗೆ ಹೋಳಿಗೆ ಜೊತೆ ಎಲಿಅಡಕಿ, ತಂಬಾಕು. ಅಪ್ಪನ ಎಲೆಗೆ ಮಿರ್ಚಿಭಜಿ, ಬಸಿ ತುಂಬ ಚಹಾ. ಪಾರು ಗೋಡೆಯ ಮೇಲಿನ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ನಿಂತಿದ್ದಳು.

"ನನ್ನ ಹಿರೇರ ಎಲಿ ಯಾವುದವ್ವಾ?" ಎಂದು ಕೇಳಿದಳು.

"ಇವರ ನಿನ್ನ ಹಿರೇರು," ಎಂದಳು ವೈನಿ.

"ಇವರ್ಯಾರ ಮೋತಿನೂ ನನ್ನಂಗ ಇಲ್ಲಲಾ. ನನ್ನಂಥಾವ್ರು ಎಲ್ಲಿ ಅದಾರ?"

ಬಸಣ್ಣ ಎದ್ದು ಹೋಗಿ ಇನ್ನೊಂದು ಬಾಳೆ ಎಲೆ ತಂದು ಹಾಸಿದ. ಹೋಳಿಗೆ ಇಟ್ಟ. ಆಮೇಲೆ ಅವನ ಕೈ ನಿಂತಿತು. ಇವರಿಗೆ ಏನು ಇಷ್ಟವಿತ್ತು? ಮಗಳ ಬಗ್ಗೆ ಎಲ್ಲವೂ ಗೊತ್ತು ಎಂದುಕೊಂಡಿದ್ದ ಮನೆಯಲ್ಲಿ ಇದೊಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು.

ದೀಪಾವಳಿ ಸೂಟಿಯಲ್ಲಿ ಯಲ್ಲಾಪುರಕ್ಕೆ ಹೋಗುವುದೆಂದು ಬಸಣ್ಣ ನಿರ್ಧರಿಸಿದ. ವೈನಿ ಅಡುಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು. "ಅಲ್ಲೇ ಇರ್ತೀನಿ ಅಂದ್ರ ನಾ ಏನ್ ಮಾಡ್ಲಿ ಹೇಳು?" ಎಂದಳು. ನನಗೂ ಅದೇ ಭಯ.

ಪರಿಚಯದವರು ದಾರಿ ಹೇಳಿದ್ದರು. ಸಿದ್ದಿಗಳ ಆ ಕೇರಿಯಲ್ಲಿ ಇಳಿದದ್ದೇ ಬಾಯಿಬಡಕಿ ಪಾರು ಮಾತು ನಿಲ್ಲಿಸಿದಳು. ಎಲ್ಲ ಮುಖಗಳೂ ಅವಳ ಮುಖದಂತೆಯೇ. ಮೊದಲು ವೈನಿಯ ಸೆರಗು ಹಿಡಿದಿದ್ದಳು. ಮಕ್ಕಳು ಕರೆದಾಗ ಬಿಟ್ಟು ಓಡಿದಳು. ವೈನಿ ಆ ಸೆರಗನ್ನು ತಾನೇ ಹಿಡಿದುಕೊಂಡು ನಿಂತಳು.

ಅಂಗಳದಲ್ಲಿದ್ದ ಅಜ್ಜಿಯೊಬ್ಬಳು ಪಾರುವಿನ ತಲೆ ಮುಟ್ಟಿ ನೋಡಿದಳು. ಕೂರಿಸಿಕೊಂಡು ಕೂದಲು ಒದ್ದೆ ಮಾಡಿ, ಎಣ್ಣೆ ಹಚ್ಚಿ, ಬೆರಳಿನಿಂದಲೇ ಬಿಡಿಸಿ, ಸಣ್ಣ ಸಣ್ಣ ಜಡೆ ಹೆಣೆಯತೊಡಗಿದಳು. ಪಾರು ಒಮ್ಮೆಯೂ ಅಳಲಿಲ್ಲ. ವೈನಿಯ ಮುಖ ಸಪ್ಪಗಾಯಿತು. ಅಜ್ಜಿ ಅದನ್ನು ಗಮನಿಸಿದಳು.

"ಆ ಬದಿ ನೀವು ಹೆಣೀರಿ. ನಾನು ವಾರಾ ವಾರಾ ನಿಮ್ಮ ಊರಿಗೆ ಬರುದು ಆಗ್ತದಾ?" ಎಂದಳು.

ಒಂದು ಬದಿ ಅಜ್ಜಿ, ಇನ್ನೊಂದು ಬದಿ ವೈನಿ. ವೈನಿಯ ಕಡೆಯ ಜಡೆಗಳು ಸೊಟ್ಟಗಾದವು. ಬಿಚ್ಚಿ ಮತ್ತೆ ಹೆಣೆದಳು. ಅಷ್ಟರಲ್ಲಿ ಬಸಣ್ಣ ತಾನು ಕೇಳಲು ಬಂದದ್ದನ್ನು ಕೇಳಿದ. ನಮ್ಮಲ್ಲೂ ಹಿರಿಯರಿಗೆ ಇಡುವುದುಂಟು ಎಂದು ಅಜ್ಜಿ ಹೇಳಿದಳು. ಬೆಲ್ಲದ ಚಾ ಇಡಿ, ಕವಳ (ನಮ್ಮ ಎಲಿಅಡಕಿ) ಇಡಿ, ಡಮಾಮಿ ಡೋಲು ಬಾರಿಸಿದರೆ ಇನ್ನೂ ಖುಷಿ ಎಂದಳು.

"ಮತ್ತೆ ಚಿಗಳಿ ಚಟ್ನಿ. ಅದಿಲ್ಲದೆ ಊಟ ಆಗ್ತಿರಲಿಲ್ಲ ಅವರಿಗೆ."

ಚಿಗಳಿ ಎಂದರೆ ಕೆಂಪಿರುವೆ. ಬಸಣ್ಣ ನನ್ನ ಮುಖ ನೋಡಿದ. ನಾನು ಮರ ನೋಡಿದೆ. ನಮ್ಮ ಮನೆಯೊಳಗೆ ತತ್ತಿ ಸಹ ಬಂದದ್ದಿಲ್ಲ.

ಸಂಜೆ ಹೊರಡುವ ಹೊತ್ತಿಗೆ ವೈನಿ ಮಗಳನ್ನು ಕರೆಯುವ ಧೈರ್ಯವಿಲ್ಲದೆ ನಿಂತಿದ್ದಳು. ಪಾರುವೇ ಓಡಿ ಬಂದಳು. "ಲಗೂ ನಡಿ ಅವ್ವಾ, ಬಸ್ ತಪ್ಪತೈತಿ. ಮುಂದಿನ ಸೂಟಿಗೂ ಬರೂಣು," ಎಂದಳು. ವೈನಿ ಬಸ್ಸಿನಲ್ಲಿ ಹಾವೇರಿಯ ತನಕ ಅತ್ತಳು. ಅದು ಸಂತೋಷದ ಅಳು.

ಈಗ ಹೋದ ಶನಿವಾರಕ್ಕೆ ಬನ್ನಿ. ಆ ಅಜ್ಜಿಯ ಮಗ ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾನೆ. ಊರಿಗೆ ಹೋದವನು ಡಬ್ಬಿಯೊಂದನ್ನು ರಾಣೆಬೆನ್ನೂರಿನಲ್ಲೇ ಇರುವ ನನಗೆ ತಂದುಕೊಟ್ಟಿದ್ದ. ಅದನ್ನು ಒಯ್ಯಲೆಂದೇ ಪಾರು ನನ್ನ ಮನೆಗೆ ಬಂದಿದ್ದಳು. ಬಸ್ಸಿನುದ್ದಕ್ಕೂ ಡಬ್ಬಿ ಅವಳ ತೊಡೆಯ ಮೇಲೇ ಇತ್ತು.

ಮರುದಿನ ಮತ್ತೆ ಹಿರಿಯರ ಹಬ್ಬ. ಪಾರುವಿನ ಹಿರಿಯರ ಎಲೆಗೆ ಬೆಲ್ಲದ ಚಹಾ ಬಂತು, ಕವಳ ಬಂತು. ಅವಳು ಡಬ್ಬಿ ತೆರೆದಳು.

"ಏನದು?" ಎಂದಳು ನನ್ನ ಮತ್ತು ಬಸಣ್ಣನ ಅವ್ವ. ಹಬ್ಬದ ದಿನ ಉಳ್ಳಾಗಡ್ಡಿ ವಾಸನೆಯನ್ನೂ ಸಹಿಸದವಳು.

"ಇರುವಿ ಚಟ್ನಿ ಅಜ್ಜಿ. ನಮ್ಮ ಹಿರೇರಿಗೆ."

ಬಸಣ್ಣ ಮಧ್ಯದ ದಾರಿ ಹುಡುಕಿದ. "ಪಾರು, ಈ ಎಲಿ ಹೊರಗ ಕಟ್ಟಿ ಮ್ಯಾಲ ಇಡೂಣು. ಅಲ್ಲೂ ಬಂದು ಉಣ್ತಾರ," ಎಂದ. ಪಾರು ಡಬ್ಬಿ ಮುಚ್ಚಿದಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

ಅವ್ವ ಬಸಣ್ಣನನ್ನೇ ನೋಡಿದಳು. ಅಜ್ಜನ ಎಲೆಯನ್ನು ತಾನೇ ಸ್ವಲ್ಪ ಸರಿಸಿ, ಪಕ್ಕದಲ್ಲಿ ಪಾರುವಿನ ಹಿರಿಯರ ಎಲೆಗೆ ಜಾಗ ಮಾಡಿದಳು.

"ಮಗಳ್ನ ಕೊಟ್ಟಾರ ಅವರು ನಮಗ. ಬೀಗರಿಗೆ ಯಾರರ ಹೊರಗ ಕಟ್ಟಿ ಮ್ಯಾಲ ಎಡಿ ಹಾಕ್ತಾರೇನ್ಪಾ?" ಎಂದಳು.

ನೀವೇ ಹೇಳಿ: ಹಿರಿಯರನ್ನು ಹೊರಗೆ ನಿಲ್ಲಿಸಿ ಮಗಳನ್ನಷ್ಟೇ ಕರೆದುಕೊಂಡಿದ್ದ ಇಷ್ಟು ವರ್ಷ, ನಮ್ಮ ಮನೆಯೊಳಗೆ ಪಾರು ನಿಜಕ್ಕೂ ಎಷ್ಟರಮಟ್ಟಿಗೆ ಬಂದಿದ್ದಳು?