ಚಂದ್ರಲೋಕದಲ್ಲಿ ಮಾತಾಡಿದ ಅಣ್ಣ ತಮ್ಮ

ಮೊನ್ನೆ ಮೊಮ್ಮಗ ಬೈಕಿನ ಸರಪಳಿ ಒರೆಸಲು ಅಂದಿನ ಪೇಪರನ್ನೇ ಹರಿದು ಪೆಟ್ರೋಲಿನಲ್ಲಿ ಅದ್ದಿದ. ಇನ್ನೂ ಯಾರೂ ಓದಿರದ ಪೇಪರು. ಬೈಯಬೇಕೆಂದು ಅಂಗಳಕ್ಕೆ ಇಳಿದವಳು ಬೈಯುವುದನ್ನು ಮರೆತು ನಿಂತೆ. ಹೊಸ ಮಸಿ ಮತ್ತು ಪೆಟ್ರೋಲು ಕೂಡಿದ ಆ ವಾಸನೆ ಮೂಗಿಗೆ ಬಿದ್ದು ಅರವತ್ತು ವರ್ಷವಾದರೂ ಆಗಿರಬೇಕು. ನಿಮಗೆ ಅದು ದುರ್ನಾತ ಎನ್ನಿಸೀತು. ನನಗೆ ಅದು ಶನಿವಾರದ ವಾಸನೆ.

ಆಗ ನಾವು ಶಿರಸಿ ಪೇಟೆಯಲ್ಲಿದ್ದೆವು. ಹುಬ್ಬಳ್ಳಿಯಿಂದ ಬರುವ ಮೋಟಾರು ನಮ್ಮ ಮನೆಯೆದುರೇ ಹಾದು ಸ್ಟ್ಯಾಂಡಿಗೆ ಹೋಗುತ್ತಿತ್ತು. ಅದನ್ನು ನಡೆಸುತ್ತಿದ್ದ ಹುಸೇನ್ ಸಾಬರು ಶನಿವಾರ ಸಂಜೆ ಗಾಡಿ ನಿಧಾನ ಮಾಡಿ, ಸೀಟಿನಡಿಯ ಪೆಟ್ಟಿಗೆಯಿಂದ ವಾರಪತ್ರಿಕೆಯ ಸುರುಳಿಯೊಂದನ್ನು ತೆಗೆದು ನಮ್ಮ ಜಗಲಿಗೆ ಎಸೆಯುತ್ತಿದ್ದರು. ಆ ಪೆಟ್ಟಿಗೆಯಲ್ಲೇ ಪೆಟ್ರೋಲಿನ ಡಬ್ಬಿಯೂ ಇರುತ್ತಿದ್ದುದರಿಂದ ದೇಶದ ಸುದ್ದಿಯೆಲ್ಲ ನಮಗೆ ಪೆಟ್ರೋಲಿನ ಪರಿಮಳದೊಂದಿಗೇ ತಲುಪುತ್ತಿತ್ತು. ನನ್ನ ಮೂಗು ಅಂದಿನಿಂದಲೇ ಕೆಟ್ಟಿದೆ ಎಂದು ಸೊಸೆ ಹೇಳುತ್ತಾಳೆ. ಇರಬಹುದು.

ಆ ಪತ್ರಿಕೆಯಲ್ಲಿ ವಾರವಾರ ಒಂದು ಕಥೆ ಬರುತ್ತಿತ್ತು. ಒಬ್ಬ ಪಂಡಿತ ಬಾಣದಂಥ ವಾಹನವೊಂದನ್ನು ಕಟ್ಟಿ, ಅದನ್ನು ನಡೆಸಲು ಒಬ್ಬ ಸಾರಥಿಯನ್ನು ಕರೆದುಕೊಂಡು ಚಂದ್ರಲೋಕಕ್ಕೆ ಹೋಗುವ ಕಥೆ. ಇಂಥದ್ದಕ್ಕೆ ವೈಜ್ಞಾನಿಕ ಕಥೆ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ನಂತರ. ನಮ್ಮ ಮನೆಯಲ್ಲಿ ಅದನ್ನು 'ಚಂದ್ರನ ಕಥೆ' ಎನ್ನುತ್ತಿದ್ದೆವು, ಅಷ್ಟೇ.

ಕಥೆ ಓದುತ್ತಿದ್ದವರು ಚಿಕ್ಕಪ್ಪ. ಕೇಳುತ್ತಿದ್ದವರು ಅಜ್ಜಿ, ಅಮ್ಮ, ನಾನು. ಅಪ್ಪಯ್ಯ ಕೇಳುತ್ತಿರಲಿಲ್ಲ. ಅಂದರೆ, ಜಗಲಿಯ ಇನ್ನೊಂದು ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಎಲೆಯಡಿಕೆಯ ಕವಳ ಹಾಕುತ್ತ, ಕೇಳುತ್ತಿಲ್ಲವೆಂದು ನಮಗೆಲ್ಲ ತೋರಿಸುತ್ತಿದ್ದರು. ಒಂದು ಕವಳಕ್ಕೆ ಅಷ್ಟು ಹೊತ್ತು ಸುಣ್ಣ ಹಚ್ಚುವವರನ್ನು ನಾನು ಬೇರೆ ಕಂಡಿಲ್ಲ.

ಇದರ ಹಿಂದಿನದನ್ನು ಹೇಳದಿದ್ದರೆ ನಿಮಗೆ ಅರ್ಥವಾಗಲಿಕ್ಕಿಲ್ಲ. ಅಪ್ಪಯ್ಯ ಬಿಳಿಯರ ಸರಕಾರದ ಕಚೇರಿಯಲ್ಲಿ ಕಾರಕೂನರು. ಅವರ ತಮ್ಮ, ನನ್ನ ಚಿಕ್ಕಪ್ಪ, ಸಿದ್ದಾಪುರದ ಕಡೆ ಕರ ಕೊಡಬೇಡಿ ಎಂದು ಊರೂರು ತಿರುಗಿ ಜೈಲಿಗೆ ಹೋಗಿ ಬಂದವರು. ಅವರು ಬಿಡುಗಡೆಯಾಗಿ ಬಂದ ವಾರ, ಧಾರವಾಡ ಕಡೆಯ ಸಾಹೇಬರೊಬ್ಬರು ಅಪ್ಪಯ್ಯನನ್ನು ಕರೆಸಿ ಕೇಳಿದರಂತೆ: "ನಿಮ್ಮ ತಮ್ಮ ಜೇಲಿಗೆ ಹೋಗಿ ಬಂದಾನಂತಲ್ರಿ. ಅವನ ಕೂಡ ಮಾತುಕತಿ ಅದನೋ ಇಲ್ಲೋ?" ಅಪ್ಪಯ್ಯ ಹೆದರಿ "ಇಲ್ಲ" ಎಂದುಬಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಹಾಗೆ ಹೇಳಿ, ಮನೆಗೆ ಬಂದು ತಮ್ಮನ ಜೊತೆ ಕೂತು ಊಟ ಮಾಡುತ್ತಿದ್ದರು. ನನ್ನ ಅಪ್ಪಯ್ಯ ಹಾಗಲ್ಲ. ಸುಳ್ಳು ಹೇಳುವುದು ಅವರ ಜಾಯಮಾನವೇ ಅಲ್ಲ. ಆದ್ದರಿಂದ, ಹೇಳಿಹೋದದ್ದನ್ನು ನಿಜ ಮಾಡಲು ಹೊರಟರು.

"ಸಾಹೇಬ್ರ ಎದುರಿಗೆ ಇಲ್ಲೆ ಹೇಳಾತು" ಎಂದು ಅಮ್ಮನಿಗೆ ಹೇಳಿದರು. "ಇನ್ನು ಮಾತಾಡಿದ್ರೆ ಆನು ಸುಳ್ಳು ಹೇಳ್ದಾಂಗೆ ಆಗ್ತು." ನಮ್ಮ ಮನೆಮಾತಿನಲ್ಲಿ 'ಆನು' ಎಂದರೆ ನಾನು, 'ಇಲ್ಲೆ' ಎಂದರೆ ಇಲ್ಲ, 'ಹೇಳಿ' ಎಂದರೆ ಎಂದು.

ಮೊದಮೊದಲು ಅದೊಂದು ತಮಾಷೆಯೇ ಆಗಿತ್ತು. ಒಂದೇ ಜಗಲಿಯಲ್ಲಿ ಮೂರು ಮಾರು ದೂರದಲ್ಲಿ ಕೂತವರ ನಡುವೆ ನಾನು ಓಡಾಡಬೇಕು. "ಕೂಸೇ, ನಿನ್ನ ಚಿಕ್ಕಪ್ಪಂಗೆ ಹೇಳು, ಮೀಯಲೆ ನೀರು ಕಾದಿದ್ದು ಹೇಳಿ." ಚಿಕ್ಕಪ್ಪ ನನ್ನನ್ನು ನೋಡಿ ಕಣ್ಣು ಮಿಟುಕಿಸಿ, "ಕೇಳ್ಚು ಹೇಳಿ ಹೇಳು" ಎನ್ನುತ್ತಿದ್ದರು. ನಾನೋ ಮೊದಲೇ ಬಾಯಾಳಿ. ಎರಡೂ ಕಡೆಯ ಮಾತಿಗೆ ಚೂರು ಬೆಲ್ಲ ಹಚ್ಚಿ ಮುಟ್ಟಿಸುತ್ತಿದ್ದೆ. ಆದರೆ ತಿಂಗಳುಗಳು ಹೋದ ಹಾಗೆ ಕಣ್ಣು ಮಿಟುಕಿಸುವುದು ನಿಂತಿತು. ಹೇಳಿ ಕಳಿಸುವ ಮಾತುಗಳೂ ಕಡಿಮೆಯಾದವು. ಮಾತು ಬಿಡುವುದನ್ನು ನಟಿಸುತ್ತ ನಟಿಸುತ್ತ ಇಬ್ಬರಿಗೂ ಅದು ನಿಜವಾಗಿಯೇ ಬಿಟ್ಟುಹೋಯಿತು. ಅಣ್ಣನಿಗೆ ತನಗಿಂತ ನೌಕರಿ ಹೆಚ್ಚಾಯಿತೆಂದು ಚಿಕ್ಕಪ್ಪನಿಗೆ ಅನ್ನಿಸಿತ್ತು. ತನ್ನ ಕಷ್ಟ ತಮ್ಮನಿಗೆ ತಿಳಿಯಲಿಲ್ಲವೆಂದು ಅಪ್ಪಯ್ಯನಿಗೆ. ಎರಡನ್ನೂ ಮುಟ್ಟಿಸುವಷ್ಟು ದೊಡ್ಡ ಬಾಯಿ ನನಗಿರಲಿಲ್ಲ.

ಕೊನೆಗೆ ಚಿಕ್ಕಪ್ಪ ಯಲ್ಲಾಪುರಕ್ಕೆ ಹೊರಟರು. ಅಲ್ಲಿ ಹುಸೇನ್ ಸಾಬರ ಅಣ್ಣನ ಮೋಟಾರು ಸ್ಟ್ಯಾಂಡಿನಲ್ಲಿ ಟಿಕೇಟು ಬರೆಯುವ ಕೆಲಸವಿತ್ತು. ಅಲ್ಲೇ ಮನೆ ಮಾಡುತ್ತೇನೆ, ಇನ್ನು ಇಲ್ಲಿಗೆ ಬರುವುದಿಲ್ಲ ಎಂದರು. ಅಜ್ಜಿಗೆ ಎದೆ ಒಡೆದಂತಾಯಿತು. ಹೀಗೇ ಹೋದರೆ ಇವರು ತನ್ನ ಚಟ್ಟಕ್ಕೂ ಒಟ್ಟಿಗೆ ಹೆಗಲು ಕೊಡುವುದಿಲ್ಲ ಎಂದು ಅಮ್ಮನೆದುರು ಅತ್ತದ್ದನ್ನು ನಾನು ಕೇಳಿದ್ದೇನೆ. ಆದರೆ ಮಗನೆದುರು ಅಳಲಿಲ್ಲ. "ಚಂದ್ರನ ಕಥೆ ಮುಗಿಸಿಕ್ಕಿ ಹೋಗು. ಪುರಾಣ ಅರ್ಧಕ್ಕೆ ಬಿಟ್ಟು ಏಳಲಾಗ" ಎಂದರು.

ಅಜ್ಜಿಗೆ ಅದು ನಿಜಕ್ಕೂ ಪುರಾಣವೇ ಆಗಿತ್ತು. ಮಡಿಯಲ್ಲಿರುತ್ತಿದ್ದ ಅವರು ಪತ್ರಿಕೆಯನ್ನು ಮುಟ್ಟುತ್ತಿರಲಿಲ್ಲ. ಬಾಗಿಲ ಹೊಸ್ತಿಲಿನ ಒಳಗೆ ಕೂತು ಕೇಳುತ್ತಿದ್ದರು. ಕೇಳುವ ಪ್ರಶ್ನೆಗಳಿಗೆ ಚಿಕ್ಕಪ್ಪ ಸುಸ್ತಾಗುತ್ತಿದ್ದರು. ಒಮ್ಮೆ ಕೇಳಿದರು: "ಚಂದ್ರನ್ನ ನೋಡಿ ನಾವು ತಿಥಿ ಲೆಕ್ಕ ಹಾಕ್ತು. ಚಂದ್ರನ ಮೇಲೇ ಕೂತವಕ್ಕೆ ಏಕಾದಶಿ ಯಾವತ್ತು ಹೇಳಿ ಹೆಂಗೆ ಗೊತ್ತಾಗ್ತು?" ಜಗಲಿಯ ಆ ತುದಿಯಿಂದ ಗೋಡೆಗೆ ಹೇಳಿದಂತೆ ಒಂದು ಮಾತು ಬಂತು: "ಅವ್ವು ಭೂಮಿ ನೋಡಿ ಲೆಕ್ಕ ಹಾಕವು." ನಾವೆಲ್ಲ ತಿರುಗಿದೆವು. ಅಪ್ಪಯ್ಯ ಸುಣ್ಣ ಹಚ್ಚುತ್ತಿದ್ದರು. ಗೋಡೆಯ ಜೊತೆ ಮಾತುಕತೆ ಇದೆಯೇ ಎಂದು ಸಾಹೇಬರೇನೂ ಕೇಳಿರಲಿಲ್ಲವಲ್ಲ.

ಕಥೆ ಬಿಕ್ಕಟ್ಟಿನ ಘಟ್ಟಕ್ಕೆ ಬಂದಿತ್ತು. ಪಂಡಿತ ಮತ್ತು ಸಾರಥಿ ಚಂದ್ರನ ಮೇಲೆ ಇಳಿದಿದ್ದಾರೆ, ವಾಹನ ಕೆಟ್ಟಿದೆ, ಉಸಿರಾಡುವ ಗಾಳಿ ಮುಗಿಯುತ್ತ ಬಂದಿದೆ. ಆ ಶನಿವಾರ ಹುಸೇನ್ ಸಾಬರು ಏನನ್ನೂ ಎಸೆಯಲಿಲ್ಲ. ಗಾಡಿ ನಿಲ್ಲಿಸಿ ಇಳಿದು ಬಂದು, ಸರಕಾರ ಕೇಳಿದ ಜಾಮೀನು ಹಣ ಕಟ್ಟಲಾರದೆ ಪತ್ರಿಕೆ ಮುಚ್ಚಿತೆಂದು ಹೇಳಿದರು. "ಆ ಇಬ್ರು ಏನಾದ್ರು ಅಂತ ನಾನೂ ಕೇಳಿದೆ ಅಮ್ಮಾ. ಯಾರಿಗೂ ಗೊತ್ತಿಲ್ಲ" ಎಂದು ಅಜ್ಜಿಗೆ ಹೇಳಿ, ಅವರನ್ನು ತಾವೇ ಅಲ್ಲಿ ಬಿಟ್ಟು ಬಂದವರಂತೆ ತಲೆ ತಗ್ಗಿಸಿ ಹೋದರು.

ಚಿಕ್ಕಪ್ಪ ಒಳಗೆ ಹೋಗಿ ಟ್ರಂಕು ಹೊರಗಿಟ್ಟರು. ಸೋಮವಾರದ ಮೋಟಾರಿಗೆ ಹೋಗುವುದೆಂದಾಯಿತು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ಇಬ್ಬರನ್ನೂ ಜಗಲಿಗೆ ಕರೆದರು. "ಶುರು ಮಾಡಿದ ಮೇಲೆ ಮುಗ್ಸವು. ಜನರನ್ನ ಆಕಾಶದಲ್ಲಿ ಬಿಟ್ಟಿಕ್ಕಿ ಆನು ಹೆಂಗೆ ಉಣ್ಲಿ? ನಿಂಗ ಇಬ್ರೂ ತಾಳಮದ್ದಳೆಲ್ಲಿ ಅರ್ಥ ಹೇಳ್ದವು. ಈ ಕಥೆಗೂ ಹೇಳಿ."

ತಾಳಮದ್ದಳೆ ನಿಮಗೆ ಗೊತ್ತಿರಬಹುದು. ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಆ ಹೊತ್ತಿಗೆ ಹೊಳೆದ ಮಾತಿನಲ್ಲೇ ವಾದ ಮಾಡುವುದು; ಅದಕ್ಕೇ ಅರ್ಥ ಹೇಳುವುದು ಎನ್ನುತ್ತಾರೆ. ಹರೆಯದಲ್ಲಿ ಈ ಅಣ್ಣ ತಮ್ಮಂದಿರ ಅರ್ಥ ಕೇಳಲು ಸೋಂದಾದಿಂದ ಜನ ಬರುತ್ತಿದ್ದರಂತೆ.

ಅಪ್ಪಯ್ಯ ನನ್ನ ಕಡೆ ತಿರುಗಿ, "ನಿನ್ನ ಅಜ್ಜಿಗೆ ಹೇಳು, ಎಂಗೂ ಅವಂಗೂ ಮಾತಿಲ್ಲೆ ಹೇಳಿ" ಎಂದರು.

ಅಜ್ಜಿ ನನ್ನನ್ನು ಕಾಯಲಿಲ್ಲ. "ಅದು ಪಾತ್ರದ ಮಾತು ಶಿವರಾಮ, ಮನೆ ಮಾತಲ್ಲ. ಸಾರಥಿ ಪಂಡಿತನ ಹತ್ರ ಮಾತಾಡಿದ್ರೆ ನಿನ್ನ ಸತ್ಯ ಎಂತಕ್ಕೆ ಕೆಡ್ತು?"

ಅಪ್ಪಯ್ಯ ಆ ವಾದವನ್ನು ಅತ್ತಿತ್ತ ಹೊರಳಿಸಿ ನೋಡಿದರು. ತಪ್ಪು ಸಿಗಲಿಲ್ಲವೆಂದು ಕಾಣುತ್ತದೆ. ಶಲ್ಯ ಸರಿಮಾಡಿಕೊಂಡು ಗೋಡೆ ಬಿಟ್ಟು ಈಚೆ ತಿರುಗಿ ಕೂತರು.

ಅಂದಿನ ಮಾತಿನ ಸೊಗಸನ್ನು ನಾನು ಬರೆದು ತೋರಿಸಲಾರೆ. ಅಪ್ಪಯ್ಯ ಸಾರಥಿ, ಚಿಕ್ಕಪ್ಪ ಪಂಡಿತ; ವಾಹನ ಕೆಟ್ಟದ್ದು ಯಾರ ತಪ್ಪು ಎಂಬಲ್ಲಿಂದ ಶುರುವಾಯಿತು. ನೀನು ಹಿಂದುಮುಂದು ನೋಡದೆ ಹೊರಟೆ ಎಂದ ಸಾರಥಿ. ನೀನು ಹೆದರಿ ಹೆದರಿ ನಡೆಸಿದೆ ಎಂದ ಪಂಡಿತ. ಹೊರಡುವ ಮೊದಲು ನನ್ನನ್ನು ಒಂದು ಮಾತು ಕೇಳಿದೆಯಾ ಎಂದ ಸಾರಥಿ. ಅಮ್ಮ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಚಂದ್ರನ ಮೇಲೆ ಹೀಗೆಲ್ಲ ಯಾಕೆ ಜಗಳವಾಡುತ್ತಿದ್ದಾರೆಂದು ನನಗೆ ಮಾತ್ರ ತಿಳಿಯಲಿಲ್ಲ.

ಆಮೇಲೆ ಚಿಕ್ಕಪ್ಪ ಸ್ವರ ತಗ್ಗಿಸಿದರು. "ಸಾರಥಿಯೇ, ಉಳಿದಿರುವ ಗಾಳಿ ಒಬ್ಬನಿಗೆ ಮಾತ್ರ ಸಾಕು. ನಿನಗೆ ಮನೆಯಿದೆ, ಮಕ್ಕಳಿದ್ದಾರೆ. ನೀನು ಭೂಮಿಗೆ ಹೋಗು. ಅಲ್ಲಿ ಯಾರಾದರೂ ನನ್ನ ವಿಷಯ ಕೇಳಿದರೆ, ಅಂಥವನನ್ನು ಅರಿಯೆನೆಂದು ಹೇಳು. ನನಗೆ ಬೇಸರವಿಲ್ಲ."

ಈಗ ಸಾರಥಿಯ ಸರದಿ. ಅರ್ಥಗಾರಿಕೆಯಲ್ಲಿ ಎಂದೂ ಮಾತಿಗೆ ತಡವರಿಸದ ಅಪ್ಪಯ್ಯ ಶಲ್ಯದ ತುದಿಯನ್ನು ಹಿಂಡುತ್ತ ಕೂತರು.

"ನಿನ್ನ ಬಿಟ್ಟಿಕ್ಕಿ ಆನು ಎಲ್ಲಿಗೂ ಹೋಗ್ತ್ನಿಲ್ಲೆ, ಸುಬ್ಬು" ಎಂದರು.

ಸುಬ್ಬು ಎಂಬ ಹೆಸರಿನ ಪಂಡಿತ ಆ ಕಥೆಯಲ್ಲಿ ಇರಲಿಲ್ಲ. ಚಿಕ್ಕಪ್ಪ ಮುಖ ಮುಚ್ಚಿಕೊಂಡು ಅತ್ತರು. ನಾನೂ ಅತ್ತೆ, ಪಂಡಿತನಿಗೆ ಗಾಳಿ ಸಾಲದೆಂದು. ಅಜ್ಜಿ ಅಳಲಿಲ್ಲ. ಎದ್ದು ಒಳಗೆ ಹೋಗಿ ಇಬ್ಬರಿಗೂ ಕಷಾಯ ಮಾಡಲು ಅಮ್ಮನಿಗೆ ಹೇಳಿದರು.

ಅಪ್ಪಯ್ಯ ಮರುದಿನ ಕಚೇರಿಗೆ ಹೋಗಿ, ತಾನು ತಮ್ಮನ ಜೊತೆ ಮಾತಾಡಲು ತೊಡಗಿದ್ದೇನೆ ಎಂದು ಸಾಹೇಬರಿಗೆ ತಿಳಿಸಿದರು. ನೌಕರಿ ಹೋಗುತ್ತದೆಂದು ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಕೂತಿದ್ದಳು. ಆದರೆ ಹಳೆಯ ಸಾಹೇಬರು ವರ್ಗವಾಗಿ ಎಷ್ಟೋ ದಿನವಾಗಿತ್ತು; ಆ ಕುರ್ಚಿಗೆ ಕೊಟ್ಟ ಮಾತೆಂದೇ ಅಪ್ಪಯ್ಯ ಅದನ್ನು ಹಿಡಿದಿದ್ದರು. ಹೊಸಬರು ಕನ್ನಡಕ ತೆಗೆದು ಅಪ್ಪಯ್ಯನನ್ನು ನೋಡಿ, "ಮಾತಾಡ್ರಿ. ನನಗ್ಯಾಕ ಹೇಳ್ತೀರಿ?" ಎಂದರಂತೆ. ಅಷ್ಟು ತಿಂಗಳ ಮೌನವನ್ನು ಕೇಳುವವರೇ ಅಲ್ಲಿ ಇರಲಿಲ್ಲ. ಇದನ್ನು ಹೇಳುವಾಗ ಅಪ್ಪಯ್ಯ ನಕ್ಕರು. ಆ ನಗೆ ನನಗೆ ಆಗ ಇಷ್ಟವಾಗಿತ್ತು. ಈಗ ಅದನ್ನು ನೆನೆದರೆ ನನಗೆ ನಗು ಬರುವುದಿಲ್ಲ.

ಚಿಕ್ಕಪ್ಪ ಯಲ್ಲಾಪುರಕ್ಕೆ ಹೋಗದೇ ಇರಲಿಲ್ಲ. ಕೆಲಸ ಬೇಕಿತ್ತು, ಹೋದರು. ಆದರೆ ಟ್ರಂಕನ್ನು ಸ್ಟ್ಯಾಂಡಿನವರೆಗೆ ಹೊತ್ತವರು ಅಪ್ಪಯ್ಯ. ರಜೆ ಸಿಕ್ಕಿದಾಗಲೆಲ್ಲ ಚಿಕ್ಕಪ್ಪ ಬರುತ್ತಿದ್ದರು, ಬಂದಾಗ ಜಗಲಿಯಲ್ಲಿ ಚಂದ್ರನ ಕಥೆ ಮುಂದುವರಿಯುತ್ತಿತ್ತು. ಹುಸೇನ್ ಸಾಬರೂ ಒಮ್ಮೊಮ್ಮೆ ಮೆಟ್ಟಿಲ ಮೇಲೆ ಕೂತು, ಯಂತ್ರ ಹಾಗೆ ರಿಪೇರಿಯಾಗುವುದಿಲ್ಲ ಎಂದು ತಕರಾರು ತೆಗೆಯುತ್ತಿದ್ದರು.

ಬೈಕಿನ ಕೆಲಸ ಮುಗಿಸಿ ಮೊಮ್ಮಗ ಒಳಗೆ ಬಂದಿದ್ದ. ಅವನಿಗೂ ಅವನ ಅಪ್ಪನಿಗೂ, ಅಂದರೆ ನನ್ನ ಮಗನಿಗೂ, ಈಚೆಗೆ ಮಾತು ಕಡಿಮೆ. ಕಾಲೇಜಿನ ವಿಷಯ, ಬಿಡಿ. ಸಂಜೆ ಟೀವಿಯಲ್ಲಿ ಆಕಾಶನೌಕೆಯ ಧಾರಾವಾಹಿ ಬರುತ್ತದೆ. ಇಬ್ಬರೂ ಬೇರೆ ಬೇರೆ ಕುರ್ಚಿಯಲ್ಲಿ ಕೂತು ಸುಮ್ಮನೆ ನೋಡುತ್ತಾರೆ. ನನಗೆ ಅದರ ತಲೆಬುಡ ತಿಳಿಯದು, ಹಾಗಾಗಿ ಆ ಹೊತ್ತಿಗೆ ನಾನು ಒಳಗಿರುತ್ತೇನೆ. ಮೊನ್ನೆ ಹೋಗಿ ಇಬ್ಬರ ನಡುವೆ ಕೂತೆ. "ಆ ಉದ್ದ ಕಿವಿಯವ ಎಂತಕ್ಕೆ ಸಿಟ್ಟು ಮಾಡ್ಕೈಂದ?" ಎಂದು ಕೇಳಿದೆ. ಇಬ್ಬರೂ ಒಟ್ಟಿಗೇ ಉತ್ತರ ಹೇಳಿದರು. ಎರಡೂ ಬೇರೆ ಬೇರೆ ಉತ್ತರ. "ಅಲ್ದಾ ಮಾರಾಯಾ, ಕಳದ ವಾರ ನೀ ನೋಡಿದ್ದಿಲ್ಯ?" ಎಂದು ಮಗ ಮೊಮ್ಮಗನ ಕಡೆಗೇ ತಿರುಗಿದ. ಸೊಸೆ ಬಾಗಿಲಿಗೆ ಬಂದು ಊಟಕ್ಕಾಯಿತೆಂದಳು. ಇನ್ನು ಸ್ವಲ್ಪ ತಡೆ ಎಂದು ಅವಳಿಗೆ ಕೈಸನ್ನೆ ಮಾಡಿದೆ.