ಸೂಚಕರ ಸಹಿ

ನನಗೆ ಎರಡು ಸಹಿಗಳಿವೆ. ಒಂದು ಕನ್ನಡದ್ದು, ಅಪ್ಪನ ಹೆಸರಿನ ಮೊದಲ ಅಕ್ಷರದಿಂದ ನನ್ನ ಹೆಸರಿನ ಕೊನೆಯ ಅಕ್ಷರದವರೆಗೆ ಯಾವುದನ್ನೂ ನುಂಗದೆ ಬರೆದದ್ದು. ಇನ್ನೊಂದು ಬರೀ ಒಂದು ಕೊಕ್ಕೆ, ಅದರ ಕೆಳಗೊಂದು ಗೀಟು. ಮೊದಲನೆಯದನ್ನು ಕಾಲೇಜಿನಲ್ಲಿ ರೂಢಿಸಿಕೊಂಡೆ. ಎರಡನೆಯದನ್ನು ಕಾರ್ಖಾನೆ ಕಲಿಸಿತು. ಪೀಣ್ಯ ಎರಡನೇ ಹಂತದ ಗೇರ್ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ವಿಭಾಗದವನು. ಅಳತೆ ನೋಡುವ ಗೇಜಿನ ಒಂದು ತುದಿ ಗೇರಿನ ರಂಧ್ರದೊಳಗೆ ಸಲೀಸಾಗಿ ಇಳಿಯಬೇಕು, ಇನ್ನೊಂದು ತುದಿ ಇಳಿಯಲೇಬಾರದು. ಹಾಗಾದರೆ ಪಾಸ್, ಇಲ್ಲದಿದ್ದರೆ ರಿಜೆಕ್ಟ್. ಪ್ರತಿ ಟ್ರೇಗೂ ಒಂದು ಚೀಟಿ, ಪ್ರತಿ ಚೀಟಿಗೂ ಒಂದು ಸಹಿ. ಪೂರ್ತಿ ಹೆಸರು ಬರೆಯುತ್ತ ಕೂತರೆ ಶಿಫ್ಟ್ ಮುಗಿದರೂ ಟ್ರೇ ಮುಗಿಯುವುದಿಲ್ಲ. ಹಾಗಾಗಿ ಕೊಕ್ಕೆ ಮತ್ತು ಗೀಟು.

ಈ ಎರಡು ಸಹಿಗಳ ನಡುವಿನ ಸಂದಿಯಲ್ಲಿ ಅಕ್ಕನ ನಾಮಪತ್ರ ಬಿದ್ದುಹೋಯಿತು.

ಅಕ್ಕ ನನ್ನ ಒಡಹುಟ್ಟಿದವರಲ್ಲ. ಸಂಜೆ ಕಾಲೇಜಿನಲ್ಲಿ ನನ್ನ ಜೊತೆ ಬಿ.ಕಾಂ. ಓದಿದವರು, ತರಗತಿಯಲ್ಲಿ ಎಲ್ಲರಿಗಿಂತ ದೊಡ್ಡವರು. ಸ್ವಿಚ್ ತಯಾರಿಸುವ ಕಾರ್ಖಾನೆಯ ಸ್ಟೋರ್ಸಿನಲ್ಲಿ ಅವರ ಕೆಲಸ. ಪೀಣ್ಯದ ಪಕ್ಕದ ನೆಲಗದರನಹಳ್ಳಿಯ ಹಳೆಯ ಮನೆಯವರು. ಅವರ ತಾತ ರಾಗಿ ಬೆಳೆದ ನೆಲದ ಮೇಲೆ ಈಗ ಸಾಲು ಶೆಡ್ಡುಗಳಿವೆ. "ನಮ್ಮ ಒಲದಾಗೇ ನಂಗೆ ಗೇಟ್ ಪಾಸ್ ಕೇಳ್ತಾರೆ ನೋಡೋ" ಎಂದು ನಗುತ್ತಿದ್ದರು. ನಾವಿಬ್ಬರೂ ಶಿಫ್ಟ್ ಬಿಟ್ಟೊಡನೆ ಓಡಿಬಂದು, ಕಾಲೇಜಿನ ಹಿಂದಿನ ನಲ್ಲಿಯ ಹತ್ತಿರ ಸೋಪಿನ ಪುಡಿ ಹಾಕಿ ಕೈ ಉಜ್ಜಿ ಕ್ಲಾಸಿಗೆ ಹೋಗುತ್ತಿದ್ದೆವು. ಎಷ್ಟು ಉಜ್ಜಿದರೂ ನನ್ನ ನೋಟ್ ಪುಸ್ತಕದ ಅಂಚು ಕಪ್ಪಾಗಿಯೇ ಇರುತ್ತಿತ್ತು. ಪರೀಕ್ಷೆಯನ್ನೂ ಅಲ್ಲೇ, ಅದೇ ಕಟ್ಟಡದಲ್ಲಿ, ಸಂಜೆ ಹೊತ್ತಿನಲ್ಲೇ ಬರೆದೆವು. ಹಾಗಿಲ್ಲದಿದ್ದರೆ ನಾವಿಬ್ಬರೂ ಪದವೀಧರರಾಗುತ್ತಿರಲಿಲ್ಲ.

ಆ ಪರೀಕ್ಷಾ ಕೇಂದ್ರವನ್ನು ಮುಚ್ಚುವ ಮಾತು ಹೋದ ವರ್ಷ ಶುರುವಾಯಿತು. ಸಂಜೆ ಕಾಲೇಜಿನವರೂ ಇನ್ನು ಮುಂದೆ ಮುಖ್ಯ ಆವರಣಕ್ಕೆ ಬಂದು ಬೆಳಗ್ಗೆ ಹೊತ್ತು ಪರೀಕ್ಷೆ ಬರೆಯಬೇಕಂತೆ. ಶಿಫ್ಟಿನಲ್ಲಿ ದುಡಿಯುವವರಿಗೆ ಒಂದೊಂದು ಪೇಪರಿಗೂ ಒಂದೊಂದು ರಜೆ. ಯಾವ ಸೂಪರ್‌ವೈಸರ್ ಕೊಡುತ್ತಾನೆ? ಇದನ್ನು ತೀರ್ಮಾನಿಸುವುದು ವಿಶ್ವವಿದ್ಯಾಲಯದ ಆಡಳಿತ ಮಂಡಳಿ, ಎಲ್ಲರ ಬಾಯಲ್ಲಿ ಸೆನೆಟ್. ಅದರಲ್ಲಿ ಮೂರು ಸ್ಥಾನಗಳಿಗೆ ನೋಂದಾಯಿತ ಪದವೀಧರರೇ ಮತ ಹಾಕಿ ಆರಿಸಿ ಕಳಿಸುತ್ತಾರೆ ಎಂಬುದು ನನಗೆ ಮರೆತೇಹೋಗಿತ್ತು. ಅಕ್ಕನಿಗೆ ಮರೆತಿರಲಿಲ್ಲ. ಪದವಿ ಸಿಕ್ಕ ವರ್ಷ ಕಾಲೇಜಿನಲ್ಲೇ ನಡೆದ ನೋಂದಣಿಯಲ್ಲಿ ನಾವಿಬ್ಬರೂ ಒಬ್ಬರ ಹಿಂದೆ ಒಬ್ಬರು ನಿಂತು ಸಹಿ ಹಾಕಿದ್ದೆವು.

"ಆ ಮೀಟಿಂಗಲ್ಲಿ ಶಿಫ್ಟ್ ಅಂದ್ರೇನು ಅಂತ ಗೊತ್ತಿರೋರು ಒಬ್ರಾದ್ರೂ ಕೂರ್ಬೇಕಲ್ಲೋ" ಎಂದರು ಅಕ್ಕ. "ನಾನ್ ನಿಲ್ತೀನಿ. ನೀನ್ ಸೂಚಕ. ಆಗಾಕಿಲ್ಲ ಅನ್ಬೇಡ."

ನಾನು ಅನ್ನಲಿಲ್ಲ. ಅವರು ತಂದ ನಾಮಪತ್ರವನ್ನು ಕ್ಯಾಂಟೀನಿನ ಮೇಜಿನ ಮೇಲಿಟ್ಟು, ಊಟದ ಬಿಡುವಿನಲ್ಲಿ, ಸೂಚಕರ ಸಹಿ ಎಂದಿದ್ದ ಜಾಗದಲ್ಲಿ ಸರ್ರನೆ ಸಹಿ ಹಾಕಿದೆ. ಪಕ್ಕದಲ್ಲಿದ್ದ ಲೇತ್ ಟರ್ನರ್ ಇಣುಕಿ ನೋಡಿ, "ಏನ್ ಗುರು, ನಿಮ್ಮಕ್ಕ ಸೆನೆಟ್ ಸೇರ್ಕೊಂಡ್ಮೇಲೆ ನಂಗೂ ಒಂದ್ ಡಿಗ್ರಿ ಪಾಸ್ ಮಾಡಿಸ್ತೀಯಾ?" ಎಂದ. "ನಿನ್ನ ಮೊದ್ಲು ಗೇಜಲ್ಲಿ ಹಾಕಿ ನೋಡ್ಬೇಕು" ಎಂದೆ. ಎಲ್ಲರೂ ನಕ್ಕರು. ನಾನು ಹಾಕಿದ್ದು ಕೊಕ್ಕೆ ಮತ್ತು ಗೀಟು ಎಂಬುದು ಆ ನಗುವಿನಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಪೀಣ್ಯದ ಸಂಜೆ ಕಾಲೇಜಿನ ಮತಗಳೆಲ್ಲ ಪ್ರತಿ ಸಲದಂತೆ ತಮಗೇ ಎಂದುಕೊಂಡಿದ್ದ ಗುಂಪೊಂದಿತ್ತು. ಅಕ್ಕ ನಾಮಪತ್ರ ಕೊಟ್ಟುಬಂದ ಮೂರನೇ ದಿನ ನಮ್ಮ ಕಾರ್ಖಾನೆಯ ಗೇಟಿನ ಬಳಿ ಬಿಳಿ ಶರ್ಟಿನ ಒಬ್ಬರು ನನಗಾಗಿ ಕಾದಿದ್ದರು. ನೋಡಿದರೆ ಬ್ಯಾಂಕಿನವರಂತಿದ್ದರು. ಕೈ ಮುಗಿದರು.

"ಸೂಚಕರು ಅಂದ್ರೆ ನೀವೇ ಅಲ್ವಾ ಸಾರ್?"

"ಹೌದು."

"ಒಳ್ಳೇದು. ಮೇಡಂಗೆ ಈ ವಯಸ್ಸಲ್ಲಿ ಈ ಓಡಾಟ ಎಲ್ಲ ಯಾಕೆ ಸಾರ್? ನೀವೊಂದು ಮಾತು ಹೇಳಿ. ನೀವು ಹೇಳಿದ್ರೆ ಕೇಳ್ತಾರೆ. ಟೀ ಕುಡೀತೀರಾ?"

ಟೀ ಬೇಡವೆಂದೆ. ಈ ವಿಷಯ ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಸುಮ್ಮನೆ ಗಾಬರಿ ಎಂದು ಆಗ ಸಮಾಧಾನ ಮಾಡಿಕೊಂಡೆ. ಗಾಬರಿಯಾದದ್ದು ನನಗೆ ಎಂಬುದನ್ನು ಈಗ ಒಪ್ಪಿಕೊಳ್ಳಬಲ್ಲೆ.

ನಾಮಪತ್ರಗಳ ಪರಿಶೀಲನೆ ಹನ್ನೊಂದು ಗಂಟೆಗೆ. ಅಕ್ಕನ ಸ್ಕೂಟರಿನಲ್ಲಿ ಹೊರಟೆವು, ಅವರು ಮುಂದೆ, ನಾನು ಹಿಂದೆ. ತುಮಕೂರು ರಸ್ತೆಯ ಸರ್ವಿಸ್ ರಸ್ತೆಯಲ್ಲಿ, ಮೇಲುಸೇತುವೆಯ ನೆರಳಲ್ಲಿ, ನಮ್ಮ ಎಡಕ್ಕೆ ಒಂದು ಕಂಟೇನರ್ ಲಾರಿ ಬಂತು. ಬಲಕ್ಕೆ ಬಿಳಿ ಕಾರು. ಲಾರಿಯದು ತನ್ನ ಪಾಡಿಗೆ ತಾನು ಹೋಗುವ ನಡಿಗೆ. ಕಾರು ಮಾತ್ರ ನಮಗೆ ಸಮವಾಗಿ ಬರುತ್ತಿತ್ತು. ಅಕ್ಕ ನಿಧಾನಿಸಿದರೆ ಅದೂ ನಿಧಾನ. ಆಮೇಲೆ ಅದು ಎಡಕ್ಕೆ ಸರಿಯತೊಡಗಿತು. ಒಂದೇ ಸಲಕ್ಕಲ್ಲ. ಒಂದಿಷ್ಟು, ನಿಂತು, ಇನ್ನೊಂದಿಷ್ಟು.

ಲಾರಿಯ ಮುಂದಿನ ಚಕ್ರ ನನ್ನ ಮೊಣಕಾಲಿನ ಪಕ್ಕಕ್ಕೆ ಬಂತು. ಚಕ್ರದ ನಟ್ಟುಗಳು ತಿರುಗುತ್ತಿದ್ದವು. ಅದರಲ್ಲೊಂದು ಇರಲಿಲ್ಲ, ನಟ್ಟಿನ ಜಾಗದಲ್ಲಿ ಬರೀ ಬೋಲ್ಟು ಕಾಣುತ್ತಿತ್ತು. ಅದನ್ನು ನೋಡಿ ನನಗೆ ಬಂದ ಯೋಚನೆ 'ರಿಜೆಕ್ಟ್' ಎಂಬುದೊಂದೇ. ಸ್ಕೂಟರಿನ ಎಡಗಡೆಯ ಕನ್ನಡಿ ಲಾರಿಗೆ ತಗುಲಿ ಟಕ್ಕೆಂದು ಮಡಚಿಕೊಂಡಿತು. ಕಾರಿನ ಗಾಜು ಇಳಿಯಿತು. ಡ್ರೈವರ್ ಪಕ್ಕದಲ್ಲಿ ಅದೇ ಬಿಳಿ ಶರ್ಟು.

"ನಿಧಾನ ಸಾರ್, ನಿಧಾನ" ಎಂದರು ಅವರು. ಅಕ್ಕನಿಗಲ್ಲ, ನನಗೆ. "ಟೈಮಿದೆ."

ಅಷ್ಟರಲ್ಲಿ ಹಂಪ್ ಬಂತು. ಲಾರಿ ಬ್ರೇಕ್ ಹಾಕಿತು. ಅದರ ಮುಂದೆ ಸಿಕ್ಕ ಜಾಗಕ್ಕೆ ಅಕ್ಕ ಸ್ಕೂಟರನ್ನು ನುಗ್ಗಿಸಿ ಫುಟ್‌ಪಾತ್ ಪಕ್ಕ ನಿಲ್ಲಿಸಿದರು. ಕಾರು ಆತುರವಿಲ್ಲದೆ ಮುಂದೆ ಹೋಯಿತು. ನಂಬರ್ ಪ್ಲೇಟನ್ನು ನಾನು ನೋಡಿದೆ. ಓದಲಿಲ್ಲ. ಮೈಕ್ರಾನ್ ಲೆಕ್ಕದಲ್ಲಿ ನೋಡಲು ಸಂಬಳ ತೆಗೆದುಕೊಳ್ಳುವ ಕಣ್ಣು ಅದು.

ಅಕ್ಕ ಕನ್ನಡಿಯನ್ನು ಸರಿ ಮಾಡಿಕೊಂಡರು. "ಇಳೀಬ್ಯಾಡ, ಕೂತ್ಕೋ. ಲೇಟಾಗ್ತದೆ" ಎಂದರು. ಆಡಳಿತ ಕಚೇರಿಯ ಮೆಟ್ಟಿಲ ಮೇಲೆ ನನ್ನ ಕೈ ನೋಡಿ, "ಇಂಗ್ಯಾಕೋ ನಡುಗ್ತಾ ಐತೆ?" ಎಂದು ಕೇಳಿ, ತಮ್ಮ ನೀರಿನ ಬಾಟಲಿ ಕೊಟ್ಟರು. ಮುಚ್ಚಳವನ್ನೂ ಅವರೇ ತೆಗೆಯಬೇಕಾಯಿತು.

ಚುನಾವಣಾಧಿಕಾರಿ ಕೆಟ್ಟವರಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಅಕ್ಕನ ಸರದಿ ಬಂದಾಗ ನೋಂದಣಿ ಪುಸ್ತಕವನ್ನೂ ನಾಮಪತ್ರವನ್ನೂ ಅಕ್ಕಪಕ್ಕ ಇಟ್ಟು ನನ್ನನ್ನು ಕರೆದರು.

"ಇದು ನಿಮ್ಮ ಸಹೀನಾ?"

ಪುಸ್ತಕದಲ್ಲಿ ನನ್ನ ಹೆಸರು ಕನ್ನಡದಲ್ಲಿ ಪೂರ್ತಿಯಾಗಿ, ಇಸ್ತ್ರಿ ಮಾಡಿದ ಹಾಗಿತ್ತು. ಅದರ ಮೇಲಿನ ಸಾಲಿನಲ್ಲಿ ಅಕ್ಕನದು.

"ಹೌದು ಸಾರ್."

"ಮತ್ತೆ ನಾಮಪತ್ರದಲ್ಲಿ ಇರೋದು?"

"ಅದೂ ನಂದೇ ಸಾರ್."

"ಒಟ್ಟು ಎಷ್ಟು ಜನ ಇದೀರಾ ಸಾರ್ ನೀವು?" ಹಿಂದಿನಿಂದ ಯಾರೋ ಕೇಳಿದರು. ಕೋಣೆಯಲ್ಲಿದ್ದವರು ನಕ್ಕರು. ಅಧಿಕಾರಿ ನಗಲಿಲ್ಲ. "ಸಹಿ ತಾಳೆ ಆಗದಿದ್ರೆ ನಾನು ತಿರಸ್ಕರಿಸಬೇಕಾಗುತ್ತೆ. ಆದ್ರೆ ಸೂಚಕರೇ ಎದುರಿಗಿದ್ದಾರೆ. ಒಂದು ಹಾಳೆ ಕೊಡ್ತೀನಿ, ಪುಸ್ತಕದಲ್ಲಿ ಇರೋ ಹಾಗೆ ನನ್ನ ಮುಂದೆ ಸಹಿ ಮಾಡಿ. ಹೊಂದಿದ್ರೆ ನಂದೇನೂ ಅಭ್ಯಂತರ ಇಲ್ಲ" ಎಂದರು.

ಪೆನ್ ಹಿಡಿದೆ. ಬಾಗಿಲ ಚೌಕಟ್ಟಿಗೆ ಒರಗಿ ಬಿಳಿ ಶರ್ಟು ನಿಂತಿತ್ತು. ಕೈ ಕಟ್ಟಿಕೊಂಡಿದ್ದರು, ಮುಖದಲ್ಲಿ ಅದೇ ವಿನಯ. ಅಪ್ಪನ ಹೆಸರಿನ ಮೊದಲ ಅಕ್ಷರ ಬರೆದೆ. ಅದು ಎರಡಾಗಿ ಒಡೆದಂತೆ ಬಿತ್ತು. ನನ್ನ ಹೆಸರಿನ ಮೊದಲಕ್ಷರಕ್ಕೆ ಬರುವಷ್ಟರಲ್ಲಿ ಲಾರಿಯ ಚಕ್ರ ಮತ್ತೆ ಮೊಣಕಾಲಿನ ಪಕ್ಕಕ್ಕೆ ಬಂದಿತ್ತು. ಪೆನ್ ಜಾರಿತು. ಹಾಳೆಯ ಮೇಲೆ ನೋಡಿದರೆ ಕೊಕ್ಕೆ, ಅದರ ಕೆಳಗೆ ಗೀಟು.

"ಪರವಾಗಿಲ್ಲ, ನೀರು ಕುಡೀರಿ. ಇನ್ನೊಂದು ಸಲ ಪ್ರಯತ್ನ ಮಾಡಿ" ಎಂದರು ಅಧಿಕಾರಿ. ಹೊಸ ಹಾಳೆಯನ್ನೂ ಸರಿಸಿದರು.

ನಾನು ಪೆನ್ ಕೆಳಗಿಟ್ಟೆ. "ಆಗ್ತಿಲ್ಲ ಸಾರ್" ಎಂದೆ.

ಕೈ ನಡುಗಿದ್ದು ನಿಜ. ಅದನ್ನು ಯಾರೂ ತಪ್ಪೆನ್ನಲಾರರು. ಆದರೆ ಹೊಸ ಹಾಳೆ ಎದುರಿಗಿತ್ತು, ಅಧಿಕಾರಿ ಕಾಯಲು ಸಿದ್ಧರಿದ್ದರು. ಪೆನ್ ಕೆಳಗಿಡುವಾಗ ನನ್ನ ಕೈ ನಡುಗುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಕ್ಕ ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಆ ಕೈಯನ್ನು.

ನಾಮಪತ್ರ ತಿರಸ್ಕೃತವಾಗಿ ಹೊರಗೆ ಬಂದ ಮೇಲೆ ಅಕ್ಕ ಬೈಯಲಿಲ್ಲ. ಸ್ಕೂಟರ್ ಹತ್ತಿ, "ಬಾ, ಬಿಡ್ತೀನಿ" ಎಂದರು.

"ಅಕ್ಕಾ, ಮತ್ತೆ ಅದೇ ರೋಡಲ್ಲಾ?"

"ನಮ್ಮನೆಗೆ ಇನ್ನೊಂದು ರೋಡ್ ಐತಾ?"

"ನಾನು ಬಸ್ಸಲ್ಲಿ ಬರ್ತೀನಿ ಅಕ್ಕಾ. ನೀವು ಹುಷಾರು."

ಅವರು ಸ್ಕೂಟರ್ ಸ್ಟಾರ್ಟ್ ಮಾಡಿದರು. "ಊಂ" ಎಂದು ಹೊರಟರು. ಕನ್ನಡಿ ಸಡಿಲವಾಗಿ ಅಲ್ಲಾಡುತ್ತಿತ್ತು. ಅವರು ಮನೆ ಸೇರಿದರೋ ಇಲ್ಲವೋ ಎಂದು ಫೋನ್ ಮಾಡಲು ನನಗೆ ಸಂಜೆಯವರೆಗೂ ಧೈರ್ಯ ಬರಲಿಲ್ಲ. ಮಾಡಿದಾಗ, "ಬಂದೆ ಕಣೋ. ಊಟ ಮಾಡು" ಎಂದು ಇಟ್ಟರು.

ಆಮೇಲಿನ ದಿನಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ. ದೂರು ಕೊಡೋಣವೆಂದರೆ ನಂಬರ್ ಇಲ್ಲ, "ನಿಧಾನ ಸಾರ್" ಎಂದವರ ಮೇಲೆ ಏನೆಂದು ದೂರುವುದು? ಕಾರ್ಖಾನೆಯಲ್ಲಿ ಟರ್ನರ್ ಎರಡು ದಿನ ತಮಾಷೆ ಮಾಡಿ ಸುಮ್ಮನಾದ. ದಾಸರಹಳ್ಳಿಯ ನನ್ನ ಒಂಟಿ ಕೋಣೆಯಲ್ಲಿ ಭಾನುವಾರಗಳಂದು ರಿಜೆಕ್ಟ್ ಚೀಟಿಗಳ ಹಿಂಬದಿಯಲ್ಲಿ ಕನ್ನಡದ ಸಹಿ ಬರೆಯುತ್ತ ಕೂರುತ್ತಿದ್ದೆ. ಪ್ರತಿ ಸಲವೂ ಬಂತು. ಹಳೆಯ ಪುಸ್ತಕದಲ್ಲಿದ್ದ ಹಾಗೇ, ಇಸ್ತ್ರಿ ಮಾಡಿದ ಹಾಗೇ. ತೋರಿಸಲು ಯಾರೂ ಇರಲಿಲ್ಲ. ಅಕ್ಕನಿಗೆ ಫೋನ್ ಮಾಡಿದರೆ ಊಟ, ಆರೋಗ್ಯ, ಅಷ್ಟಕ್ಕೆ ಮಾತು ಮುಗಿಯುತ್ತಿತ್ತು. ಚುನಾವಣೆಯ ಸುದ್ದಿಯನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬರಬರುತ್ತ ಫೋನ್ ಮಾಡುವುದನ್ನೂ ಬಿಟ್ಟೆ. ನಡೆದುಹೋಗುವಾಗ ಹಿಂದಿನಿಂದ ದೊಡ್ಡ ಗಾಡಿ ಬಂದರೆ ಇವತ್ತಿಗೂ ಅಂಗಡಿಯ ಮೆಟ್ಟಿಲು ಹತ್ತಿ ನಿಲ್ಲುತ್ತೇನೆ. ಚಕ್ರ ದಾಟುವಾಗ ನಟ್ಟುಗಳನ್ನು ಎಣಿಸುತ್ತೇನೆ.

ಪೀಣ್ಯದವರಿಗೆ ಮತಗಟ್ಟೆ ನಮ್ಮ ಸಂಜೆ ಕಾಲೇಜಿನಲ್ಲೇ ಇತ್ತು. ಅಕ್ಕ ಮತ ಹಾಕಲಾದರೂ ಬರುತ್ತಾರೆ, ನಲ್ಲಿಯ ಹತ್ತಿರ ಸಿಕ್ಕರೆ ಎಲ್ಲವನ್ನೂ ಹೇಳಿಬಿಡಬೇಕು, ಗೇಟಿನ ಬಳಿ ಬಂದವರ ವಿಷಯವನ್ನೂ ಎರಡನೇ ಹಾಳೆಯ ವಿಷಯವನ್ನೂ, ಎಂದು ಶಿಫ್ಟಿಗೆ ರಜೆ ಹಾಕಿ ಹೋದೆ. ಒಳಗೆ ಗುಮಾಸ್ತರೊಬ್ಬರು ಮತದಾರರ ಸಹಿಯ ಪುಸ್ತಕ ತಿರುಗಿಸಿ ನನ್ನ ಹೆಸರಿನ ಮುಂದೆ ಬೆರಳಿಟ್ಟರು.

"ಇಲ್ಲಿ ಸೈನ್ ಮಾಡಿ ಸಾರ್."

ಅಪ್ಪನ ಹೆಸರಿನ ಮೊದಲ ಅಕ್ಷರದಿಂದ ನನ್ನ ಹೆಸರಿನ ಕೊನೆಯ ಅಕ್ಷರದವರೆಗೆ ಬರೆದೆ. ಒಂದೂ ಅಲುಗಲಿಲ್ಲ.

"ಬೇಗ ಸಾರ್, ಹಿಂದೆ ಜನ ನಿಂತಿದಾರೆ" ಎಂದರು ಅವರು, ಅದರ ಕಡೆ ನೋಡದೆ.

ನನ್ನ ಮೇಲಿನ ಸಾಲು ಅಕ್ಕನದು. ಖಾಲಿಯಿತ್ತು.

ಮತಪತ್ರದಲ್ಲಿದ್ದ ಹೆಸರುಗಳಲ್ಲಿ ಯಾರ ಮುಂದೆಯೂ ಮೊದಲ ಪ್ರಾಶಸ್ತ್ಯದ ಒಂದು ಎಂದು ಬರೆಯಲಾಗದೆ ಹಾಗೆಯೇ ಮಡಚಿ ಪೆಟ್ಟಿಗೆಗೆ ಹಾಕಿ, ಮತಗಟ್ಟೆಯ ಬಾಗಿಲು ಕಾಣುವ ಹಾಗೆ ನಲ್ಲಿಕಟ್ಟೆಯ ಮೇಲೆ ಕೂತೆ. ಯಾರು ಯಾರೋ ಬಂದರು. ನಮ್ಮ ತರಗತಿಯ ಇಬ್ಬರು ದೂರದಿಂದ ಕೈಯೆತ್ತಿ ಹೋದರು. ನಾಲ್ಕು ಗಂಟೆಗೆ ಗುಮಾಸ್ತರು ಬಾಗಿಲು ಮುಚ್ಚಲು ಎದ್ದರು.

"ಒಂದು ನಿಮಿಷ ಸಾರ್. ಒಬ್ಬರು ಬರೋದಿದೆ."

"ಬರ್ತೀನಿ ಅಂದಿದಾರಾ?"

"ಇಲ್ಲ."

ಅವರು ಬಾಗಿಲು ಹಾಕಿಕೊಂಡರು. ಕಿಟಕಿಯಿಂದ ಕಾಣುತ್ತಿತ್ತು. ಪುಸ್ತಕವನ್ನು ಬೆಳಕಿಗೆ ಎಳೆದುಕೊಂಡು, ಬಾರದವರ ಖಾಲಿ ಜಾಗಗಳಿಗೆಲ್ಲ ಸ್ಕೇಲಿಟ್ಟು ಕೆಂಪು ಗೀಟು ಎಳೆಯತೊಡಗಿದರು. ಒಂದೊಂದೇ ಪುಟ ತಿರುಗಿತು. ಎದ್ದು ಕಿಟಕಿಯ ಹತ್ತಿರ ಹೋದೆ. ನಮ್ಮ ಪುಟ ಬಂತು. ನನ್ನ ಸಹಿಯ ಮೇಲೆ ಸ್ಕೇಲು ಕೂತಿತು, ಅದರ ಅಂಚಿಗೆ ಅಕ್ಕನ ಗೀಟು ಬಿತ್ತು.