ಬೂದಿಯಲ್ಲಿ ತಿಕ್ಕಿದ ಲೋಟ

ನಾಗಮಂಗಲದ ಬಸ್ಸಿಗೆ ಕಾಯುತ್ತಾ ರಸ್ತೆ ಬದಿಯ ಟೀ ಅಂಗಡಿಯಲ್ಲಿ ಕೂತಿದ್ದೆ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದ ಹೋಗಿ ಆಡಳಿತ ನೆಟ್ಟಗಾಗುತ್ತಿದೆ, ಅದರ ಮೇಲಿದ್ದ ವ್ಯಾಪಾರ ನಿರ್ಬಂಧವನ್ನು ನಮ್ಮ ಸರ್ಕಾರ ತೆಗೆದಿದೆ ಎಂದಿತು ರೇಡಿಯೊ.

"ನನ್ ಮ್ಯಾಲಿಂದೂ ಇವತ್ತು ತೆಗೀತಾವ್ರೆ" ಎಂದು ಅಂಗಡಿಯ ಸಿದ್ದಣ್ಣ ನಕ್ಕ. ದಲಿತ ಕಾಲೋನಿಯವರಿಗೆಂದು ಹೊರಗೆ ಬೇರೆ ಲೋಟ ನೇತುಹಾಕಿದ್ದನಂತೆ. ಅವರೆಲ್ಲ ಸೇರಿ ಇವನ ಟೀಯನ್ನೇ ಬಿಟ್ಟರು. ವ್ಯಾಪಾರ ಮಲಗಿದ ಮೇಲೆ ಆ ಲೋಟಗಳನ್ನು ಗುಜರಿಗೆ ಹಾಕಿ, ಮತ್ತೆ ಟೀಗೆ ಬನ್ನಿ ಎಂದು ಅವರಿಗೆ ಹೇಳಿಕಳಿಸಿದ್ದ.

ಕಾಲೋನಿಯ ಹಿರಿಯಳು ನಿಂಗಮ್ಮ ಒಬ್ಬಳೇ ಒಳಗೆ ಬಂದಳು. ಉಳಿದ ಹೆಂಗಸರು ಹುಣಸೆಮರದಡಿ ನಿಂತು ನೋಡುತ್ತಿದ್ದರು. ನಿಂಗಮ್ಮ ನನ್ನ ಪಕ್ಕ ಬೆಂಚಿನ ಮೇಲೆ ಕೂತು, ನಾನು ಕುಡಿದಂಥದೇ ಗಾಜಿನ ಲೋಟದಲ್ಲಿ ನಿಧಾನವಾಗಿ ಟೀ ಕುಡಿದಳು. ಸಿದ್ದಣ್ಣ ನನ್ನ ಲೋಟವನ್ನು ಬಕೆಟ್ಟಿನಲ್ಲಿ ಅದ್ದಿ ತೆಗೆದಿಟ್ಟ. ಅವಳ ಲೋಟಕ್ಕೆ ಕುದಿಯುವ ನೀರು ಹೊಯ್ದು, ಬೂದಿ ಹಾಕಿ ತಿಕ್ಕತೊಡಗಿದ.

"ಅವ್ರ ಲೋಟ ಬರೀ ನೀರಲ್ಲಿ ಅದ್ದುದೆ. ನಂದ್ಯಾಕಣ್ಣ ಬೂದೀಲಿ ತಿಕ್ತೀಯ?"

ಅವನ ಕೈ ನಿಂತಿತು. "ಏನೋ... ಅಭ್ಯಾಸ ಕಣವ್ವ."

"ಅಂಗಾರೆ ಅಭ್ಯಾಸ ಬುಟ್ ಮ್ಯಾಕೆ ಏಳ್ಕಳ್ಸು" ಎಂದವಳೇ ಎದ್ದು, ಮರದ ಕಡೆ ಕೂಗಿದಳು: "ನಡೀರವ್ವ! ಟೀಯ ಮನೇಲೇ ಕಾಯಿಸ್ಕಳವ!"